ಐಡ್ಲಿಂಗ್‌ನಲ್ಲಿ ಲಾರಿ ಏದುಸಿರು ಬಿಟ್ಟರೆ

ಹಳೆಯ ಟಾಟಾ 1210 ಇರಲಿ, ಲೇಲ್ಯಾಂಡ್ ಕಾಮೆಟ್ ಇರಲಿ, ಕಂಪ್ಯೂಟರ್ ಇಲ್ಲದ ಕಾಲದ ಡೀಸೆಲ್ ಎಂಜಿನ್ ತನ್ನ ಕಾಯಿಲೆಯನ್ನು ಸದ್ದಿನಲ್ಲೇ ಹೇಳಿಕೊಳ್ಳುತ್ತದೆ. ಪಂಪ್ ಇಳಿಸಲು ಪಾನಾ ಎತ್ತಿಕೊಳ್ಳುವ ಮೊದಲು ಇಷ್ಟು ಮಾಡಿ.

1. ಕಿವಿಗೊಡಿ. ತಣ್ಣಗಿನ ಎಂಜಿನ್ ಬೆಳಿಗ್ಗೆ ಸ್ವಲ್ಪ ಅದುರಿದರೆ ಅದು ರೋಗವಲ್ಲ. ಬಿಸಿಯಾದ ಮೇಲೂ ಸದ್ದು ಏರಿ, ಇಳಿದು, ಮತ್ತೆ ಏರುತ್ತಿದ್ದರೆ ಅದು ಹಂಟಿಂಗ್. ಡೀಸೆಲ್ ಜೊತೆ ಗಾಳಿ ಸೇರುತ್ತಿದೆ, ಇಲ್ಲವೇ ಗವರ್ನರ್ ಕೆಟ್ಟಿದೆ. ಏರಿಳಿತವಿಲ್ಲದೆ ತಾಳ ಮಾತ್ರ ತಪ್ಪಿ, ಕ್ಯಾಬಿನ್ ಗಾಜು ಗಡಗಡ ಅನ್ನುತ್ತಿದ್ದರೆ ಯಾವುದೋ ಒಂದು ಸಿಲಿಂಡರ್ ಸೋತಿದೆ.

2. ಸ್ಲೋ ಸ್ಕ್ರೂ ಮುಟ್ಟಬೇಡಿ. ಅದನ್ನು ತಿರುಗಿಸಿ ಐಡ್ಲಿಂಗ್ ಏರಿಸಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಡೀಸೆಲ್ ಖರ್ಚು ಮಾತ್ರ ಹೆಚ್ಚುತ್ತದೆ.

3. ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ಮುಚ್ಚಳದ ಗಾಳಿಕಿಂಡಿ ಧೂಳಿನಿಂದ ಕಟ್ಟಿಕೊಂಡಿದ್ದರೆ ಟ್ಯಾಂಕಿನಿಂದ ಡೀಸೆಲ್ ಸರಾಗವಾಗಿ ಬರುವುದಿಲ್ಲ. ಒಂದು ನಿಮಿಷದ ಕೆಲಸ.

4. ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂದು ಹುಡುಕಿ. ಹಂಟಿಂಗ್ ಕೇಳಿದ ಕೂಡಲೇ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಟ್ಯಾಂಕಿನಿಂದ ಬರುವ ಡೀಸೆಲನ್ನು ಫೀಡ್ ಪಂಪ್ ಹೀರಿಕೊಳ್ಳುತ್ತದೆ. ಆ ದಾರಿಯಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪೈಪ್ ಒಣಗಿದೆ ಎಂದು ನಂಬಿ ಕೂರಬೇಡಿ. ಫೀಡ್ ಪಂಪಿಗೆ ಸ್ವಲ್ಪ ಮುಂಚೆ ಒಂದಡಿ ಪಾರದರ್ಶಕ ಟ್ಯೂಬ್ ಸೇರಿಸಿ, ಎಂಜಿನ್ ಓಡಿಸಿ, ಟಾರ್ಚ್ ಬಿಡಿ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲುಗಟ್ಟಿ ಬಂದರೆ ತೂತು ಟ್ಯಾಂಕಿನ ಕಡೆಗಿದೆ.

ನಾನು ಕಂಡ ಒಂದು ಲಾರಿಯ ಪಂಪನ್ನು ಎರಡು ಸಲ ಇಳಿಸಿ ಏರಿಸಿದ್ದರು. ಕೊನೆಗೆ ಸಿಕ್ಕಿದ್ದು ಬ್ಯಾಂಜೋ ಬೋಲ್ಟಿನ ಕೆಳಗಿದ್ದ, ಗಟ್ಟಿಯಾಗಿ ಕೂರದೇ ಹೋದ ತಾಮ್ರದ ವಾಶರ್. ಹೊಸದು ಸಿಗದ ಊರಿನಲ್ಲಿ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆತ್ತಗಾಗಿ ಮತ್ತೆ ಕಚ್ಚಿ ಕೂರುತ್ತದೆ.

ಆಮೇಲೆ ಏರ್ ತೆಗೆಯಿರಿ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋಗಿ. ನೊರೆ ನಿಂತು ಬರೀ ಡೀಸೆಲ್ ಬಂದಾಗ, ಒತ್ತುತ್ತಿರುವಂತೆಯೇ ಸ್ಕ್ರೂ ಬಿಗಿಮಾಡಿ. ಪಂಪಿನ ಸ್ಕ್ರೂಗೂ ಇದೇ ಕ್ರಮ.

5. ಫಿಲ್ಟರ್ ಬದಲಿಸಿ. ಫೀಡ್ ಪಂಪಿನ ಜಾಲರಿ ತೊಳೆಯಿರಿ, ತಳದ ನೀರು ಚೆಲ್ಲಿ.

6. ಸೋತ ಸಿಲಿಂಡರ್ ಹುಡುಕಿ. ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ ಒಂದೊಂದೇ ನಾಝಲ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ, ಕೇಳಿ, ಬಿಗಿಮಾಡಿ. ಸಡಿಲಿಸಿದಾಗ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ಬದಲಾಗದಿದ್ದರೆ ನೀವು ಹುಡುಕುತ್ತಿದ್ದದ್ದು ಅದೇ. ಅದರ ನಾಝಲನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿ. ದೋಷ ಪಕ್ಕಕ್ಕೆ ಹೋದರೆ ನಾಝಲ್ ಕೆಟ್ಟಿದೆ. ಅಲ್ಲೇ ಉಳಿದರೆ ಟ್ಯಾಪೆಟ್, ವಾಲ್ವ್, ಕಂಪ್ರೆಶನ್ ಇಲ್ಲವೇ ಪಂಪಿನ ಎಲಿಮೆಂಟ್ ಕಡೆ ನೋಡಿ.

ನಟ್ ಮೇಲೆ ಬಟ್ಟೆ ಹಾಕಿ, ಕನ್ನಡಕ ಧರಿಸಿ, ಕೈಯನ್ನು ಮಾತ್ರ ಎಂದೂ ಎದುರಿಗೆ ಒಡ್ಡಬೇಡಿ. ನೂರಾರು ಬಾರ್ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ ಕಂಡರೂ ಬೆರಳನ್ನೇ ಕಳೆದುಕೊಳ್ಳಬಹುದು. ಹಾಗಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

7. ಗವರ್ನರ್ ನೋಡಿ. ಆಕ್ಸಿಲರೇಟರ್ ರಾಡ್ ಬಿಗಿಯಾಗಿ, ಸ್ಪ್ರಿಂಗ್ ಸೋತು, ಲಿವರ್ ಪೂರ್ತಿ ವಾಪಸ್ ಬರದಿದ್ದರೂ ಐಡ್ಲಿಂಗ್ ಕುಣಿಯುತ್ತದೆ. ಎಣ್ಣೆ ಬಿಟ್ಟರೆ ಸಾಕಾಗಬಹುದು. ಇನ್ನೂ ಹಳೆಯ ಪಂಪುಗಳಲ್ಲಿ ಗವರ್ನರ್ ನಡೆಯುವುದು ಏರ್ ಇನ್‌ಟೇಕ್‌ನ ವ್ಯಾಕ್ಯೂಮ್‌ನಿಂದ, ಚರ್ಮದ ಡಯಾಫ್ರಮ್ ಮೂಲಕ. ಎಂಜಿನ್ ನಿಲ್ಲಿಸಿ, ವ್ಯಾಕ್ಯೂಮ್ ಪೈಪ್ ಬಿಚ್ಚಿ, ಸ್ಟಾಪ್ ಲಿವರ್ ಒತ್ತಿ ಹಿಡಿದು, ಡಯಾಫ್ರಮ್ ಕಡೆಯ ತೂತಿಗೆ ಬೆರಳು ಮುಚ್ಚಿ, ಲಿವರ್ ಬಿಡಿ. ರ‍್ಯಾಕ್ ಸ್ವಲ್ಪ ಸರಿದು ನಿಲ್ಲಬೇಕು. ಪೂರ್ತಿ ಜಾರಿದರೆ ಚರ್ಮ ಹರಿದಿದೆ; ಲಾರಿ ಹೊರಡಿಸಬೇಡಿ, ಎಂಜಿನ್ ಹಿಡಿತ ತಪ್ಪಿ ಓಡಿಬಿಡಬಹುದು.

8. ಪಂಪ್ ಕೊನೆಗೆ. ಆಡುಗೋಡಿಯ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಆದರೂ ನಮ್ಮ ಗ್ಯಾರೇಜುಗಳಲ್ಲಿ ಅದು ಇಂದಿಗೂ ಮೈಕೋ ಪಂಪೇ. ಒಳಗಿನ ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವೆ ಇರುವುದು ಕೆಲವೇ ಮೈಕ್ರಾನ್ ಸಂದು. ರಸ್ತೆ ಬದಿಯ ಧೂಳಿನಲ್ಲಿ ಬಿಚ್ಚುವ ವಸ್ತುವಲ್ಲ ಅದು. ಸೀಲ್ ಒಡೆಯದೆ, ಟೆಸ್ಟ್ ಬೆಂಚ್ ಇರುವ ಕಡೆಗೇ ಕೊಡಿ. ಎಲ್ಲ ಎಲಿಮೆಂಟೂ ಐಡ್ಲಿಂಗ್‌ನಲ್ಲಿ ಸಮ ಡೀಸೆಲ್ ಕೊಡುತ್ತಿವೆಯೇ ಎಂದು ಅಳೆದು ತೋರಿಸಲು ಕೇಳಿ.

9. ಎಲ್ಲ ಜೋಡಿಸಿ, ಎಂಜಿನ್ ಬಿಸಿಮಾಡಿ, ಕೈಪಿಡಿ ಹೇಳುವ ಆರ್‌ಪಿಎಂಗೆ ತನ್ನಿ. ಸ್ಲೋ ಸ್ಕ್ರೂ ಮುಟ್ಟುವ ಹೊತ್ತು ಇದು.