ಉಕ್ಕಿನ ಗರ್ಡರ್ ಸೇತುವೆ: ಬೆಸುಗೆ ಮತ್ತು ಲೋಹದ ದಣಿವು

ಸ್ಥಳೀಯ ಸಂದರ್ಭ: ಮಿರಜ್–ಲೋಂಡಾ ರೈಲು ಮಾರ್ಗವು ಕುಡಚಿ (ರಾಯಬಾಗ ತಾಲೂಕು) ಮತ್ತು ಉಗಾರ ಖುರ್ದ (ಕಾಗವಾಡ ತಾಲೂಕು) ನಡುವೆ ಸೇತುವೆಯ ಮೂಲಕ ಕೃಷ್ಣಾ ನದಿಯನ್ನು ದಾಟುತ್ತದೆ. ವಲಯ: ನೈಋತ್ಯ ರೈಲ್ವೆ, ಕೇಂದ್ರ ಕಚೇರಿ: ಹುಬ್ಬಳ್ಳಿ.

ಲೋಹದ ದಣಿವು: ಒಮ್ಮೆ ಬಿದ್ದರೆ ಹಾನಿ ಮಾಡದ ಭಾರವೇ ಲಕ್ಷಾಂತರ ಬಾರಿ ಮರುಕಳಿಸಿದಾಗ ಬಿರುಕು ಹುಟ್ಟಿ ಬೆಳೆಯುವುದು.

ಬ್ರೇಸಿಂಗ್ ಜೋಡಣೆ ಏಕೆ ದುರ್ಬಲ?
- ಬ್ರೇಸಿಂಗ್ ಅಕ್ಕಪಕ್ಕದ ಗರ್ಡರ್‌ಗಳನ್ನು ಅಡ್ಡಲಾಗಿ ಬಿಗಿಯುತ್ತದೆ.
- ವಾಹನ ಸಾಗುವಾಗ ಗರ್ಡರ್‌ಗಳು ಬೇರೆ ಬೇರೆ ಪ್ರಮಾಣದಲ್ಲಿ ಬಾಗುತ್ತವೆ. ಆಗ ಬ್ರೇಸಿಂಗ್ ಗರ್ಡರ್‌ನ ತೆಳುವಾದ ವೆಬ್ (ನಡುವಿನ ಲಂಬ) ತಗಡನ್ನು ಪಕ್ಕಕ್ಕೆ ಎಳೆಯುತ್ತದೆ.
- ಬ್ರೇಸಿಂಗ್ ಅನ್ನು ಜೋಡಿಸುವ ಗಸೆಟ್ ಪ್ಲೇಟ್‌ನ ಬೆಸುಗೆಯ ಅಂಚಿನಲ್ಲಿ ಪೀಡನ (ಸ್ಟ್ರೆಸ್) ಕೇಂದ್ರೀಕೃತವಾಗುತ್ತದೆ. ಬಿರುಕು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭ.

ನೆನಪಿಡಿ
- ದಣಿವಿನ ಕುರಿತ ಭಾರತೀಯ ಮಾನಕ: ಐಎಸ್ 800:2007, ವಿಭಾಗ 13.
- ಆಧಾರ ಆವರ್ತನೆ (ಭಾರ ಮರುಕಳಿಸುವ ಸಂಖ್ಯೆ): 50 ಲಕ್ಷ.
- ಈ 50 ಲಕ್ಷ ಆವರ್ತನೆಗಳೊಳಗೆ ಪೀಡನದ ಏರಿಳಿತ ಇಮ್ಮಡಿಯಾದರೆ ಆಯುಷ್ಯ 1/8ಕ್ಕೆ ಇಳಿಯುತ್ತದೆ.
- ರೈಲ್ವೆಯ ಸಂಶೋಧನೆ, ವಿನ್ಯಾಸ ಮತ್ತು ಮಾನಕ ಸಂಸ್ಥೆ ಆರ್‌ಡಿಎಸ್‌ಒ: ಲಖನೌ.

ಪರಿಹಾರ: ಜೋಡಣೆ ತಗಡನ್ನು ಫ್ಲೇಂಜ್‌ಗೂ (ಗರ್ಡರ್‌ನ ಮೇಲಿನ, ಕೆಳಗಿನ ಅಡ್ಡ ತಗಡು) ಭದ್ರಪಡಿಸುವುದು, ಬಿರುಕಿನ ತುದಿಯಲ್ಲಿ ರಂಧ್ರ ಕೊರೆದು ತಾತ್ಕಾಲಿಕವಾಗಿ ತಡೆಯುವುದು, ಬೆಸುಗೆಯ ಅಂಚನ್ನು ಉಜ್ಜಿ ನಯಗೊಳಿಸುವುದು.

ಗೊಂದಲ ಬೇಡ: 2000ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಲ್ವಾಕಿಯ ಹೋನ್ ಸೇತುವೆಯ ಗರ್ಡರ್‌ಗಳು ಬ್ರೇಸಿಂಗ್ ಜೋಡಣೆಯ ಬಳಿ ಸೀಳಿದವು. ಅದಕ್ಕೆ ಕಾರಣ ದಣಿವಲ್ಲ; ಬೆಸುಗೆಗಳು ಒತ್ತೊತ್ತಾಗಿ ಸೇರಿದ್ದರಿಂದ ಉಕ್ಕು ಹಿಗ್ಗಲಾಗದೆ ಆದ ದಿಢೀರ್ ಭಂಗುರ ಮುರಿತ.

ಮಾದರಿ ಪ್ರಶ್ನೆ: ದಣಿವಿನ ಆಯುಷ್ಯವನ್ನು ಮುಖ್ಯವಾಗಿ ನಿರ್ಧರಿಸುವುದು ಯಾವುದು?
ಎ) ಸೇತುವೆಯ ಬಣ್ಣ ಬಿ) ಪೀಡನದ ಏರಿಳಿತ ಸಿ) ನದಿಯ ಆಳ ಡಿ) ಗರ್ಡರ್‌ನ ಸ್ವಂತ ತೂಕ
ಉತ್ತರ: ಬಿ