ಅಡುಗೆಮನೆಯ ಮುಖಲೇಪ: ಯಾವುದು ಹಚ್ಚಬಹುದು, ಯಾವುದು ಬೇಡ



ಮದುವೆ ಕಾಲ ಹತ್ತಿರ ಬಂತೆಂದರೆ ನಮ್ಮ ಸಭೆಗಳಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ: "ಮುಖಕ್ಕೆ ಏನು ಹಚ್ಚಿದ್ರೆ ಒಳ್ಳೇದು ಅಕ್ಕಾ?" ಒಮ್ಮೆ ಒಂದು ಸಂಘದಲ್ಲಿ ಹೀಗೆ ಮಾತು ನಡೆದಾಗ ಒಬ್ಬ ತಾಯಿ ಸುಮ್ಮನೆ ಕೂತಿದ್ದರು. ಸಭೆ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಯಾರೋ ಹೇಳಿದರೆಂದು ಅವಳು ಮುಖಕ್ಕೆ ಬರೀ ನಿಂಬೆರಸ ಹಚ್ಚಿಕೊಂಡು ಬಿಸಿಲಲ್ಲಿ ಬಟ್ಟೆ ಒಗೆದಿದ್ದಳು. ಎರಡೂ ಕೆನ್ನೆ ಉರಿದು, ಆಮೇಲೆ ಕಪ್ಪು ಕಲೆ ಬಿದ್ದಿತ್ತು. ಆ ಕಲೆ ತಿಳಿಯಾಗಲು ತಿಂಗಳುಗಳೇ ಹಿಡಿದವು.

ನಿಂಬೆರಸ ಬಹಳ ಹುಳಿ, ನಮ್ಮ ಚರ್ಮ ಅಷ್ಟು ಹುಳಿಯನ್ನು ತಡೆಯದು. ಅದೂ ಅಲ್ಲದೆ ನಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದರೆ ಚರ್ಮವನ್ನು ಸುಡುತ್ತವೆ. ಅಡುಗೆ ಸೋಡ ಇದಕ್ಕೆ ತದ್ವಿರುದ್ಧ ಗುಣದ್ದು, ಅದೂ ಚರ್ಮಕ್ಕೆ ಆಗದು. ಮೊಡವೆಗೆ ಟೂತ್‌ಪೇಸ್ಟ್ ಹಚ್ಚುವುದನ್ನೂ ಬಿಟ್ಟುಬಿಡಿ. ಪಪ್ಪಾಯಿ ಆದರೆ ಚೆನ್ನಾಗಿ ಹಣ್ಣಾದದ್ದೇ ಇರಲಿ, ಕಾಯಿಯ ಹಾಲು ತುರಿಕೆ ತರುತ್ತದೆ. "ಮನೆದೇ ಅಲ್ವಾ, ಏನಾಗುತ್ತೆ?" ಅಂತ ಕೇಳುವವರಿದ್ದಾರೆ. ಮೆಣಸಿನಪುಡಿಯೂ ಮನೆಯದ್ದೇ!

ಹಾಗಾದರೆ ಏನು ಹಚ್ಚೋಣ? ನಮ್ಮ ಅಜ್ಜಿಯಂದಿರು ಬಳಸುತ್ತಿದ್ದ ಕಡಲೆಹಿಟ್ಟು, ಹೆಸರುಹಿಟ್ಟು ಇಂದಿಗೂ ಒಳ್ಳೆಯವೇ. 2 ಚಮಚ ಕಡಲೆಹಿಟ್ಟಿಗೆ 1 ಚಮಚ ಮೊಸರು, ಒಂದು ಚಿಟಿಕೆ ಅರಿಸಿನ ಹಾಕಿ, ಬೇಕಿದ್ದರೆ ಸ್ವಲ್ಪ ನೀರು ಬಿಟ್ಟು ದೋಸೆಹಿಟ್ಟಿನ ಹದಕ್ಕೆ ಕಲಸಿ. ಹಿಟ್ಟು ಮುಖದ ಜಿಡ್ಡನ್ನು ಹೀರುತ್ತದೆ, ಮೊಸರಿನ ಸಣ್ಣ ಹುಳಿ ಸತ್ತ ಚರ್ಮವನ್ನು ಮೆಲ್ಲಗೆ ಸಡಿಲಿಸುತ್ತದೆ. ಒಣಚರ್ಮದವರು ಮೊಸರಿನ ಬದಲು ಹಾಲಿನ ಕೆನೆ, ಅರ್ಧ ಚಮಚ ಜೇನು ಸೇರಿಸಲಿ. ಬಿಸಿಲಲ್ಲಿ ಗದ್ದೆ ಕೆಲಸ ಮಾಡಿ ಬಂದ ದಿನ ಹಿಟ್ಟೂ ಬೇಡ, ತಣ್ಣಗಿನ ಸೌತೆಕಾಯಿ ತುರಿದು ಹಚ್ಚಿದರೆ ಸಾಕು.

ಮುಖ ತೊಳೆದು, ಕಣ್ಣಿನ ಸುತ್ತ ಮತ್ತು ತುಟಿ ಬಿಟ್ಟು ತೆಳುವಾಗಿ ಹಚ್ಚಿ. 10 ರಿಂದ 15 ನಿಮಿಷ ಸಾಕು. ಪೂರ್ತಿ ಒಣಗಿ ಬಿರಿಯುವವರೆಗೆ ಕಾಯುವುದು ತಪ್ಪು, ಆಗ ಚರ್ಮ ಬಿಗಿಯುತ್ತದೆ. ಅರೆ ಒಣಗಿದಾಗಲೇ ನೀರು ಚಿಮುಕಿಸಿ ತೊಳೆಯಿರಿ, ಉಜ್ಜಿ ಕೀಳಬೇಡಿ. ವಾರಕ್ಕೆ ಒಂದೆರಡು ಸಲ ಸಾಕು. ಯಾವುದೇ ಹೊಸ ಲೇಪವನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ತೊಳೆದು ಒಂದು ದಿನ ನೋಡಿ. ತುರಿಕೆ, ಕೆಂಪು ಬಂದರೆ ಅದು ನಿಮಗೆ ಆಗುವುದಿಲ್ಲ. ಮದುವೆಯ ಹಿಂದಿನ ದಿನ ಮಾತ್ರ ಹೊಸ ಪ್ರಯೋಗ ಬೇಡವೇ ಬೇಡ.

ಅರಿಸಿನದ ಬಗ್ಗೆ ಇನ್ನೊಂದು ಮಾತು. ಅಂಗಡಿಯ ಪುಡಿಯಲ್ಲಿ ಬಣ್ಣ ಬೆರೆಸುವವರಿದ್ದಾರೆ. ಒಂದು ಲೋಟ ನೀರಿಗೆ 1 ಚಮಚ ಪುಡಿ ಹಾಕಿ ಅಲುಗಾಡಿಸದೆ ಬಿಡಿ. ಒಳ್ಳೆಯದಾದರೆ ತಳಕ್ಕೆ ಇಳಿಯುತ್ತಾ ನೀರು ತಿಳಿ ಹಳದಿಯಾಗುತ್ತದೆ. ನೀರೆಲ್ಲ ಗಾಢ ಹಳದಿಯಾದರೆ ಅನುಮಾನ ಪಡಿ. ಮುಖಕ್ಕಿರಲಿ, ಸಾರಿಗೂ ಬೇಡ.

ಈಗ ಮುಖ್ಯ ಮಾತಿಗೆ ಬರೋಣ. ಈ ಲೇಪಗಳು ಮುಖವನ್ನು ಶುಚಿ ಮಾಡುತ್ತವೆ, ಮೆದು ಮಾಡುತ್ತವೆ, ಬಣ್ಣ ಬದಲಿಸುವುದಿಲ್ಲ. ಬಣ್ಣ ಹುಟ್ಟಿನಿಂದ ಬಂದದ್ದು. ಬಿಳಿ ಮಾಡುತ್ತೇವೆಂದು ಸಂತೆಯಲ್ಲಿ, ಅಂಗಡಿಯಲ್ಲಿ ಸಿಗುವ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ, ಅದು ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಇನ್ನು ಕೆಲವರು ವೈದ್ಯರನ್ನು ಕೇಳದೆ ಸ್ಟಿರಾಯ್ಡ್ ಮುಲಾಮು ತಂದು ಹಚ್ಚುತ್ತಾರೆ. ಮೊದಮೊದಲು ಮುಖ ಬೆಳ್ಳಗೆ ಕಾಣುತ್ತದೆ. ಕೆಲವು ತಿಂಗಳಲ್ಲಿ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ, ಕೂದಲು ಬರುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ. ಸಂಘದಿಂದ ಪಡೆದ ಸಾಲದ ಒಂದು ಪಾಲು ಇಂಥ ಡಬ್ಬಿಗೆ ಹೋದದ್ದನ್ನೂ ನಾವು ಕಂಡಿದ್ದೇವೆ. ಬಯ್ಯುವುದಕ್ಕೆ ಮನಸ್ಸು ಬರಲಿಲ್ಲ. ಹೆಣ್ಣಿನ ಬಣ್ಣ ನೋಡಿ ಮಾತಾಡುವವರಲ್ಲಿ ನಾವು ಹೆಂಗಸರೂ ಇದ್ದೇವಲ್ಲ!

ಕೆನ್ನೆಯ ಬಂಗು ಕೂಡ ಲೇಪದಿಂದ ಹೋಗದು. ಬಸಿರಿನಲ್ಲಿ, ಬಿಸಿಲಿನಿಂದ, ಗರ್ಭನಿರೋಧಕ ಮಾತ್ರೆಯಿಂದಲೂ ಅದು ಬರಬಹುದು. ಹೊರಗೆ ಹೋಗುವಾಗ ತಲೆಗೆ ಸೆರಗು ಇಲ್ಲವೇ ಕೊಡೆ ಇರಲಿ, ವೈದ್ಯರಿಗೆ ತೋರಿಸಿ. ಮುಖದಲ್ಲಾಗಲಿ ಮೈಮೇಲಾಗಲಿ ಮುಟ್ಟಿದರೆ ಗೊತ್ತಾಗದ ತಿಳಿಬಣ್ಣದ ಮಚ್ಚೆ ಇದ್ದರೆ ಏನನ್ನೂ ಹಚ್ಚದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅದು ಕುಷ್ಠ ಇರಬಹುದು. ಔಷಧಿ ಸರಕಾರದಿಂದ ಉಚಿತ, ಬೇಗ ತೋರಿಸಿದರೆ ಪೂರ್ತಿ ಗುಣವಾಗುತ್ತದೆ.

"ಇದನ್ನೇ ಪೊಟ್ಟಣ ಮಾಡಿ ಮಾರೋಣವಾ?" ಎಂದು ಕೆಲವು ಸಂಘದವರು ಕೇಳಿದ್ದಾರೆ. ಯೋಚನೆ ಒಳ್ಳೆಯದೇ. ಆದರೆ ಮುಖಕ್ಕೆ ಹಚ್ಚುವ ವಸ್ತುವನ್ನು ಮಾರಾಟಕ್ಕೆಂದು ತಯಾರಿಸಲು 1940ರ ಕಾಯ್ದೆಯ ಪ್ರಕಾರ ಸರಕಾರದ ಪರವಾನಗಿ ಬೇಕು. ಅದಿಲ್ಲದೆ ಬಂಡವಾಳ ಹಾಕಬೇಡಿ. ಮನೆಬಳಕೆಗೆ ಮಾತ್ರವಾದರೆ ಒಣಹಿಟ್ಟನ್ನು ತೇವವಿಲ್ಲದ ಡಬ್ಬಿಯಲ್ಲಿ ಇಡಬಹುದು. ಮೊಸರು, ಹಣ್ಣು ಕಲಸಿದ್ದನ್ನು ಅಂದಂದೇ ಮುಗಿಸಿ.

ಮುಂದಿನ ಸಭೆಗೆ ಒಬ್ಬರು ಕಡಲೆಹಿಟ್ಟು, ಒಬ್ಬರು ಮೊಸರು, ಉಳಿದವರು ತಮ್ಮ ಮನೆಯ ಅರಿಸಿನಪುಡಿ ತನ್ನಿ. ಲೋಟದ ಪರೀಕ್ಷೆ ಮೊದಲು, ಲೇಪ ಆಮೇಲೆ.