ಗಾಡಿ ಸಾಗಿದ ಹಾದಿ ನಕಾಶೆಯ ಮೇಲೆ ಓಡುವ ಬಗೆ



ಕಡಿದ ಕಬ್ಬು ಒಂದು ದಿನದೊಳಗೆ ಗಾಣಕ್ಕೆ ಬೀಳದಿದ್ದರೆ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆಂಬುದು ತಮಗೆ ತಿಳಿದದ್ದೇ. ಆದರೆ ಹೊಲದಿಂದ ಹೊರಟ ಟ್ರ್ಯಾಕ್ಟರ್ ದಾರಿಯಲ್ಲಿ ಎಲ್ಲಿ, ಎಷ್ಟು ಹೊತ್ತು ನಿಂತಿತ್ತು? ಚಾಲಕನದು ಒಂದು ಮಾತು, ಮುಕಾದಮನದು ಇನ್ನೊಂದು. ಮೊಬೈಲಿನ ಜಿಪಿಎಸ್ ಇದಕ್ಕೆ ಸಾಕ್ಷಿ ನುಡಿಯಬಲ್ಲದು.

ಉಪಗ್ರಹಗಳ ಸಂಕೇತ ಹಿಡಿದು ಮೊಬೈಲು ತಾನಿರುವ ಅಕ್ಷಾಂಶ, ರೇಖಾಂಶ ಹಾಗೂ ಸಮಯವನ್ನು ಸಾಲಾಗಿ ಬರೆದಿಡುತ್ತದೆ. ಆ ಕಡತಕ್ಕೆ ಜಿಪಿಎಕ್ಸ್ ಎಂದು ಹೆಸರು. ಬಯಲಿನಲ್ಲಿ ಸುಮಾರು 5 ಮೀಟರಿನಷ್ಟು ತಪ್ಪು ಬರಬಹುದು. ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ಮೊದಲ ಅಭ್ಯಾಸಕ್ಕೆ ಹಂಗಾಮಿನ ತನಕ ಕಾಯಬೇಕಿಲ್ಲ. ಟ್ರೇಲರ್ ದುರಸ್ತಿಗೋ ಬಿಡಿಭಾಗಕ್ಕೋ ಅಕ್ಕಲಕೋಟೆಯಿಂದ ಸೋಲಾಪುರ ದಾಟಿ ಚಿಂಚೋಳಿ ಎಂಐಡಿಸಿಗೆ ಹೋಗುವ ದಿನ ದಾಖಲಿಸಿರಿ. ನಿಮಿಷಕ್ಕೊಂದು ಬಿಂದು ಸಾಲದು. ತಾಸಿಗೆ 30 ಕಿ.ಮೀ. ವೇಗದ ಗಾಡಿ ನಿಮಿಷದಲ್ಲಿ 500 ಮೀಟರು ಸಾಗುತ್ತದೆ. ತಿರುವೆಲ್ಲ ತಪ್ಪಿ ಗೆರೆಯು ಯಾರದೋ ಜೋಳದ ಹೊಲದಲ್ಲಿ ಹಾಯ್ದುಹೋದೀತು! 10 ಸೆಕೆಂಡಿಗೊಂದು ಇರಲಿ. ಬ್ಯಾಟರಿ ಉಳಿಸುವ ಸೌಲಭ್ಯವನ್ನು ಬಂದ್ ಮಾಡಿರಿ, ಇಲ್ಲವಾದರೆ ದಾಖಲೆ ನಡುವೆಯೇ ನಿಲ್ಲುತ್ತದೆ. ಚಾಲಕನಿಗೆ ಹೇಳಿಯೇ ದಾಖಲಿಸಿರಿ.

ಬಳಿಕ ಕಡತವನ್ನು ಕಂಪ್ಯೂಟರಿಗೆ ಹಾಕಿ ಜಿಪಿಎಕ್ಸ್ ಅನಿಮೇಟರ್ ಅಥವಾ ಗೂಗಲ್ ಅರ್ಥ್ ಪ್ರೊದಲ್ಲಿ ತೆರೆಯಿರಿ. ಎರಡಕ್ಕೂ ಹಣ ಕೊಡಬೇಕಿಲ್ಲ. 3 ತಾಸಿನ ಪಯಣವನ್ನು 180 ಪಟ್ಟು ವೇಗಗೊಳಿಸಿದರೆ 60 ಸೆಕೆಂಡಿನ ಚಿತ್ರವಾಗುತ್ತದೆ. ಆಗ ಅರ್ಧ ತಾಸು ನಿಂತ ಗಾಡಿಯ ಚುಕ್ಕೆ 10 ಸೆಕೆಂಡು ಅಲುಗಾಡುವುದಿಲ್ಲ. ಚಿತ್ರ ಸೊಗಸಾಗಲೆಂದು ನಿಲುಗಡೆಯನ್ನು ಹಾರಿಸಿಬಿಡುವ ಆಯ್ಕೆಯೂ ಇರುತ್ತದೆ, ಅದನ್ನು ತೆಗೆದುಹಾಕಿರಿ. ನಮಗೆ ಬೇಕಾದದ್ದೇ ನಿಲುಗಡೆ.

ಇನ್ನು ನಾನು ಎಡವಿದ ಸಂಗತಿ. ಒಂದು ಕಡತದಲ್ಲಿ ಹೊರಟ ಸಮಯ ರಾತ್ರಿ 10-40 ಎಂದಿತ್ತು, ಕಾಟಾದ ಚೀಟಿಯಲ್ಲಿ ಬೆಳಿಗ್ಗೆ 7. “ಎಂಟು ತಾಸು ಎಲ್ಲಿ ಮಲಗಿದ್ದೆಯೋ?” ಎಂದು ನಾಲ್ಕು ಜನರೆದುರು ಚಾಲಕನನ್ನು ಗದರಿಸಿದೆ. ಅವನು ತಲೆ ತಗ್ಗಿಸಿ, “ಇಲ್ರಿ ಸಾಹೇಬ್ರ, ನಸುಕಿನಾಗ ಬಿಟ್ಟೀನ್ರಿ” ಎಂದ. ನಂಬಲಿಲ್ಲ. ಜಿಪಿಎಕ್ಸ್ ಕಡತ ಬರೆಯುವುದು ಜಾಗತಿಕ ಸಮಯವನ್ನು. ಅದಕ್ಕೆ 5 ತಾಸು 30 ನಿಮಿಷ ಕೂಡಿಸಿದರೆ ನಮ್ಮ ಸಮಯ. ಅಂದರೆ ಅವನು ಹೊರಟದ್ದು ನಸುಕಿನ 4-10ಕ್ಕೆ, ಹಾದಿಯಲ್ಲಿದ್ದದ್ದು ಮೂರು ತಾಸೂ ಅಲ್ಲ. ಮರುದಿನ ಅದೇ ನಾಲ್ಕು ಜನರೆದುರು ಅವನ ಕ್ಷಮೆ ಕೇಳಿದೆ.

ಆದ್ದರಿಂದ ಕಡತದ ಮೊದಲ ಹಾಗೂ ಕೊನೆಯ ಸಮಯವನ್ನು ಕಾಟಾ ಚೀಟಿಯೊಡನೆ ತಾಳೆ ನೋಡಿಯೇ ಚಿತ್ರ ತಯಾರಿಸಿರಿ.